ಹಿತ್ತಲ ಹಾತೆಗಳ ಲೆಕ್ಕ



ಬಿ.ಇ. ಓದಿದವನು ಕಂಪ್ಯೂಟರ್ ಬಗ್ಗೆ ಹೇಳುತ್ತಾನೆಂದು ಕಾದಿದ್ದೀರಿ. ನಾನು ಹೇಳುವುದು ಹಾತೆಗಳ ಬಗ್ಗೆ.

ಭದ್ರಾವತಿಯ ನಮ್ಮ ಹಿತ್ತಲಿನ ನಂದಿಬಟ್ಟಲು ಒಮ್ಮೆ ಬೋಳಾಯಿತು. ಅಮ್ಮ ಔಷಧಿ ಹೊಡೆಯಲು ಹೊರಟಿದ್ದರು. ನೋಡಿದರೆ ಬೆರಳುದ್ದದ ಹಸಿರು ಹುಳು, ತಲೆಯ ಹಿಂದೆ ಎರಡು ನೀಲಿ ಕಣ್ಣು! ಕಣ್ಣಲ್ಲ, ಬರೀ ಮಚ್ಚೆ. ಕಣಗಿಲೆಯ ವಿಷದೆಲೆಯನ್ನೂ ಅರಗಿಸಿಕೊಳ್ಳುವ ಕಣಗಿಲೆ ಹಾತೆಯ ಮರಿ. ಮಣ್ಣು ಹಾಕಿದ ಡಬ್ಬಿಯಲ್ಲಿಟ್ಟೆವು. ಮೂರನೇ ವಾರ ಹಸಿರು ಅಮೃತಶಿಲೆಯಂಥ ಹಾತೆ ಹೊರಬಂತು. ಔಷಧಿ ಡಬ್ಬಿ ಅಟ್ಟ ಸೇರಿತು.

ಹ್ಯಾಂಪ್ಸನ್ 1892ರಿಂದ 1896ರವರೆಗೆ ಈ ದೇಶದ ಹಾತೆಗಳ ಮೇಲೆ ನಾಲ್ಕು ಸಂಪುಟ ತಂದ. ನಮಗೆ ಬಿಳಿ ಪಂಚೆ, ಬಲ್ಬು, ಮೊಬೈಲ್ ಸಾಕು. ದಿನಾಂಕ, ಊರು, ತಿಂದ ಗಿಡ ಬರೆಯದಿದ್ದರೆ ಮಾತ್ರ ಅದು ದಾಖಲೆಯಲ್ಲ, ಫೋಟೋ ಅಷ್ಟೇ. ಶಿವಮೊಗ್ಗದ ನನ್ನ ಬಾಡಿಗೆ ಮನೆಯೆದುರು ಬೀದಿದೀಪದ ಬೆಳಕು ಜೋರು; ಅಲ್ಲಿ ಪಂಚೆ ಕಟ್ಟಿ ಪ್ರಯೋಜನವಿಲ್ಲ.

ಬರುವ ಬೇಸಿಗೆಗೆ ಆ ಹಿತ್ತಲಲ್ಲಿ ತಮ್ಮನ ಮನೆ ಏಳುತ್ತದೆ. ಬೇಕಾದದ್ದೇ, ತಕರಾರಿಲ್ಲ. ಅಷ್ಟರೊಳಗೆ ಈ ಮಳೆಗಾಲದ ಹಾತೆಗಳನ್ನೆಲ್ಲ ಬರೆದಿಡಬೇಕು. ಶನಿವಾರ ರಾತ್ರಿ ಪಂಚೆ ಕಟ್ಟುತ್ತೇನೆ. ಮನೆಯಲ್ಲಿ ಕೇಳಿ ಬನ್ನಿ. ಸೊಳ್ಳೆ ವಿಪರೀತ, ತುಂಬುತೋಳಿನ ಅಂಗಿ ಇರಲಿ. ನಂದಿಬಟ್ಟಲಿನ ನಾಲ್ಕು ಟೊಂಗೆ ತಂದಿದ್ದೇನೆ, ಶಾಲೆಯ ಕೈತೋಟಕ್ಕೆ. ಎಲೆ ಬೋಳಾದರೆ ಯಾರೂ ಗಾಬರಿಯಾಗಬೇಡಿ.