ಸಿಪಾಯಿ ಗೊಂಬೆಗಳ ಕಾಳಗ: ಹೊಸ ನಿಯಮಗಳ ಪರೀಕ್ಷೆ

(ಬಾಲಾನಗರದ ನಮ್ಮ ಉಚಿತ ವಾಚನಾಲಯದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನವರಾತ್ರಿ ಕಳೆದ ಮೇಲೆ ಈ ವಾಚನಾಲಯದ ಮೇಜುಗಳ ಮೇಲೆ ಮೂರು ಯುದ್ಧಗಳು ನಡೆದುವು. ಅವುಗಳ ವರದಿಯನ್ನು ಒಪ್ಪಿಸಬೇಕೆಂದು ಕಾರ್ಯದರ್ಶಿಗಳ ಅಪ್ಪಣೆ. ಯುದ್ಧವೆಂದೊಡನೆ ಯಾರೂ ಗಾಬರಿಯಾಗಬೇಕಾಗಿಲ್ಲ. ಬಿದ್ದವರೆಲ್ಲ ಗೊಂಬೆಗಳು, ಈಗ ತಂತಮ್ಮ ಪೆಟ್ಟಿಗೆಗಳಲ್ಲಿ ಕ್ಷೇಮವಾಗಿದ್ದಾರೆ.

ಈ ಬಗೆಯ ಆಟ ನಮಗೆ ಹೊಸದೇನೂ ಅಲ್ಲ. ಆನೆ, ರಥ, ಕುದುರೆ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯನ್ನೇ ಚದುರಂಗವೆಂದು ಹಾಸಿನ ಮೇಲೆ ಆಡಿದವರು ನಮ್ಮ ಹಿರಿಯರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವುಂಟು. ಆ ಕಲ್ಯಾಣವು 1956ರವರೆಗೆ ಹೈದರಾಬಾದು ರಾಜ್ಯದಲ್ಲಿಯೇ ಇತ್ತೆಂಬುದನ್ನು ಇಲ್ಲಿರತಕ್ಕ ಹಿರಿಯರು ಬಲ್ಲರು.

ಆದರೆ ಚದುರಂಗದಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ. ನಿಜವಾದ ರಣದಲ್ಲಿ ಅದಕ್ಕೇ ಹೆಚ್ಚು ಎಡೆ. ಇದನ್ನರಿತು ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ 1824ರಲ್ಲಿ ಭೂಪಟ, ದಾಳ, ತೀರ್ಪುಗಾರ ಇವುಗಳನ್ನೊಳಗೊಂಡ ಆಟವನ್ನು ಸೇನೆಯ ಶಿಕ್ಷಣಕ್ಕಾಗಿ ಸಿದ್ಧಪಡಿಸಿದನು. ಅದನ್ನು ಮನೆಯ ನೆಲಕ್ಕೆ ತಂದವರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ಪ್ರಸಿದ್ಧರು. 1913ರಲ್ಲಿ ಅವರು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಸ್ಪ್ರಿಂಗಿನ ಆಟದ ಫಿರಂಗಿಯಿಂದ ಮರದ ತುಂಡನ್ನು ಹಾರಿಸಿ ಸೀಸದ ಸಿಪಾಯಿಗಳನ್ನು ಕೆಡವುವುದು ಅವರ ಕ್ರಮ. ಕಾಲಾಳಿಗೆ ಒಂದು ಅಡಿ, ಕುದುರೆಗೆ ಎರಡು ಅಡಿ ನಡೆ. ಕೈ ಕಾದಾಟವನ್ನು ಮೊದಮೊದಲು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದವರು, ಅದು ಸರಿಬೀಳದೆ ಬೇರೆ ನಿಯಮ ಮಾಡಿಕೊಂಡರು. ಆಡುವುದು, ಜಗಳವಾಡುವುದು, ತಿದ್ದುವುದು: ಅವರ ನಿಯಮಗಳು ಬೆಳೆದದ್ದೇ ಹೀಗೆ.

ನಾವು ಮಾಡಿದ್ದೂ ಅಷ್ಟೆ. ವೆಲ್ಸರ ಕಾಲದ ಸೀಸದ ಸಿಪಾಯಿಯ ಎತ್ತರ ಎರಡು ಅಂಗುಲಕ್ಕೆ ತುಸು ಹೆಚ್ಚು. ನಮ್ಮವು ದಸರೆಯ ಗೊಂಬೆ ಪೆಟ್ಟಿಗೆಗಳಿಂದ ಬಂದ ಮರದ ಸಿಪಾಯಿಗಳು; ಒಂದೊಂದೂ ಗೇಣಿಗೆ ತುಸು ಕಡಿಮೆ. ಮಕ್ಕಳ ಕೈಗೂ ನಮ್ಮಂಥವರ ಕಣ್ಣಿಗೂ ದೊಡ್ಡ ಗೊಂಬೆಯೇ ಅನುಕೂಲ. ಕಡೆಗೆ ಹನ್ನೆರಡರಂತೆ ಇಪ್ಪತ್ತನಾಲ್ಕು ಗೊಂಬೆಗಳನ್ನು ಕೂಡಿಸಿ, ಎರಡು ಮೇಜುಗಳನ್ನು ಜೋಡಿಸಿ, ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆವು.

ಪರೀಕ್ಷೆಯೆಂದರೇನೆಂದು ಬಾಲಾನಗರದವರಿಗೆ ಹೇಳಿಕೊಡಬೇಕಾಗಿಲ್ಲ. 1968ರಲ್ಲಿ ಟೂಲ್ ಡಿಸೈನ್ ಸಂಸ್ಥೆ ಸ್ಥಾಪಿತವಾದ ಊರಿದು. ಅಚ್ಚು ಮಾಡಿದವನು ಮೊದಲ ತುಂಡನ್ನು ತೆಗೆದು ಅಳೆದು ನೋಡದೆ ನೂರು ತುಂಡು ತೆಗೆಯುವುದಿಲ್ಲ. ನಮ್ಮ ಮೊದಲ ತುಂಡು ಸೊಟ್ಟಗೇ ಬಂದಿತು.

ಒಂದು ಸಿಪಾಯಿಗೆ ಒಂದು ದಾಳ; 5 ಅಥವಾ 6 ಬಿದ್ದರೆ ಎದುರಾಳಿಯ ಒಬ್ಬ ಸಿಪಾಯಿ ಬಿದ್ದಂತೆ. ಹನ್ನೆರಡು ದಾಳ ಹಾಕಿದರೆ ಸರಾಸರಿ ನಾಲ್ವರು ಬೀಳುತ್ತಾರೆ. ಉಳಿದ ಎಂಟು ಮಂದಿ ತಿರುಗಿ ಹೊಡೆದರೆ ಮೂವರೂ ತುಂಬ ಬೀಳುವುದಿಲ್ಲ. ಹೀಗಾಗಿ ಮೊದಲು ದಾಳ ಹಿಡಿದವನೇ ಗೆದ್ದನು. ಅದು ಜಾಣತನದ ಗೆಲುವಲ್ಲ, ಸರದಿಯ ಗೆಲುವು. ಆದುದರಿಂದ ಇಬ್ಬರೂ ದಾಳ ಹಾಕಿದ ಮೇಲೆಯೇ ಬಿದ್ದವರನ್ನು ತೆಗೆಯತಕ್ಕದ್ದೆಂದು ತಿದ್ದಿದೆವು. ಗೊಂಬೆ ದೊಡ್ಡದು, ಮೇಜು ಚಿಕ್ಕದು. ಅಡಿಯ ನಡೆಯನ್ನು ಅರ್ಧ ಅಡಿಗೆ ಇಳಿಸಿದೆವು.

ಎರಡನೆಯ ಆಟದಲ್ಲಿ ಹಳೆಯ ಮಾಸಪತ್ರಿಕೆಗಳ ಕಟ್ಟುಗಳೇ ಬೆಟ್ಟಗಳು. ಬೆಟ್ಟದ ಹಿಂದಿರುವವನು ಕಾಣುತ್ತಾನೆಯೆ, ಇಲ್ಲವೆ ಎಂದು ವಾದವೆದ್ದಿತು. ದೊಡ್ಡ ಗೊಂಬೆಯ ಉಪಕಾರ ಆಗ ತಿಳಿಯಿತು. ತೀರ್ಪುಗಾರನು ಬಗ್ಗಿ ಗೊಂಬೆಯ ಮಟ್ಟಕ್ಕೆ ಕಣ್ಣಿಟ್ಟು ನೋಡತಕ್ಕದ್ದು. ಅರ್ಧ ಮೈ ಕಂಡರೆ ಗುಂಡು ಹಾರಿಸಬಹುದು. ಅಳತೆಯೂ ಈಟಿಯ ತುದಿಯಿಂದಲ್ಲ, ಗೊಂಬೆಯ ಬುಡದಿಂದ.

ಆದರೆ ದೊಡ್ಡ ತಪ್ಪು ಇನ್ನೂ ಉಳಿದಿತ್ತು. ಕೊನೆಯ ಸಿಪಾಯಿ ಬೀಳುವವರೆಗೆ ಆಟ ಮುಗಿಯದೆಂದು ಬರೆದಿದ್ದೆವು. ಒಬ್ಬ ಹುಡುಗನಲ್ಲಿ ಮೂವರೇ ಉಳಿದಿದ್ದರು. ಸೋಲು ನಿಶ್ಚಯ; ಆದರೂ ಸುಮ್ಮನೆ ದಾಳ ಹಾಕುತ್ತ ಕೂಡಬೇಕು. ಅವನು ದಾಳವನ್ನು ಕೆಳಗಿಟ್ಟು, “ಮಾಮಾ, ಇವರು ಮನೆಗೆ ಹೋಗಬಾರದೆ?” ಎಂದನು.

ನಿಯಮ ಬರೆದ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮಲ್ಲಿ ಸೈನ್ಯದಿಂದ ನಿವೃತ್ತರಾದ ಹಿರಿಯ ಸದಸ್ಯರೊಬ್ಬರಿದ್ದಾರೆ. ವಾಚನಾಲಯದಲ್ಲಿ ಮಕ್ಕಳಿಗೆ ಯುದ್ಧ ಕಲಿಸುವುದು ಸಲ್ಲದೆಂದು ಮೊದಲೇ ಆಕ್ಷೇಪಿಸಿ, ದೂರದಲ್ಲಿ ಪತ್ರಿಕೆ ಓದುತ್ತಿದ್ದರು. ಈ ಮಾತು ಕೇಳಿ ಎದ್ದು ಬಂದು, “ಬರೆದುಕೊಳ್ಳಿ, ನಿಮ್ಮ ಹಾಳೆಯಲ್ಲಿ ಇಲ್ಲದಿದ್ದುದು ಇದೇ” ಎಂದರು. ಅರ್ಧ ಮಂದಿ ಬಿದ್ದ ಮೇಲೆ ಸೇನಾಪತಿ ಹಿಂದೆಗೆಯಬಹುದು. ಮೇಜಿನ ಅಂಚು ದಾಟಿದವರು ಬದುಕಿದರು. ಅವರ ಲೆಕ್ಕವನ್ನು ವರದಿ ಪುಸ್ತಕದಲ್ಲಿ ಗೆದ್ದವನ ಹೆಸರಿನ ಪಕ್ಕದಲ್ಲಿಯೇ ಬರೆಯತಕ್ಕದ್ದು. ಮೂರನೆಯ ಆಟಕ್ಕೆ ಅವರೇ ತೀರ್ಪುಗಾರರು.

ಆ ಆಟದಲ್ಲಿಯೂ ಹುಡುಗನು ಸೋತನು. ಆದರೆ ಉಳಿದ ಆರು ಮಂದಿಯಲ್ಲಿ ಐವರನ್ನು ಪುಸ್ತಕದ ಬೆಟ್ಟಗಳ ಮರೆಯಲ್ಲಿ ಒಬ್ಬೊಬ್ಬರನ್ನಾಗಿ ಸಾಗಿಸಿ ದಡ ಮುಟ್ಟಿಸಿದನು. ಗೆದ್ದವನಿಗಿಂತ ಹೆಚ್ಚು ಯೋಚಿಸಿ ಆಡಿದವನು ಅವನೇ. ಸಭೆ ಚಪ್ಪಾಳೆ ತಟ್ಟಿದ್ದೂ ಅವನಿಗೇ.

ಗೆದ್ದವನು ಯಾವ ನಿಯಮವನ್ನಾದರೂ ಮೆಚ್ಚುತ್ತಾನೆ. ಸೋತವನು ಒಪ್ಪಿದರೆ ಮಾತ್ರ ಅದು ಒಳ್ಳೆಯ ನಿಯಮ. ಆಟದ ವಿಷಯದಲ್ಲಿ ನಾನು ಕಲಿತದ್ದು ಇಷ್ಟು. ಸಂಘಗಳ ನಿಯಮಾವಳಿಗೂ ಇದು ಸಲ್ಲುವುದೆಂದು ಕಾಣುತ್ತದೆ.

ಇನ್ನು ಆ ಹಿರಿಯರ ಆಕ್ಷೇಪ. ಇಂಥ ಆಟವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಮಹಾಯುದ್ಧವು ಎಂಥ ಎಡವಟ್ಟಿನ ವ್ಯವಹಾರವೆಂಬುದು ತಿಳಿಯುವುದೆಂದು ವೆಲ್ಸರು ವಾದಿಸಿದ್ದರು. ಮರುವರ್ಷವೇ, 1914ರಲ್ಲಿ, ಆ ಮಹಾಯುದ್ಧ ಬಂದಿತು. ಪುಸ್ತಕ ಅದನ್ನು ತಡೆಯಲಿಲ್ಲ. ನಮ್ಮ ಮೇಜೂ ಯಾವ ಯುದ್ಧವನ್ನೂ ತಡೆಯಲಾರದು. ಆದರೆ ಬಿದ್ದವರನ್ನು ಎಣಿಸುವುದರ ಜೊತೆಗೆ ಮನೆಗೆ ಮರಳಿದವರನ್ನೂ ಎಣಿಸಬೇಕೆಂದು ನಾಲ್ಕು ಮಕ್ಕಳು ಕಲಿತರೆ, ಮೇಜುಗಳನ್ನು ಜೋಡಿಸಿದ ಶ್ರಮ ಸಾರ್ಥಕ.