ದಿನಕರ್ಮ ಮುಗಿದ ಮೇಲೆ



'ಸಾವಿನ ಮಾತು ಅಂದ್ರ ಜನ ಬರ್ತಾರೋ ಇಲ್ಲೋ ಸರ್' ಎಂದು ಈ ಕಾರ್ಯಕ್ರಮ ಇಟ್ಟುಕೊಂಡ ಅನಗವಾಡಿಯ ಸಂಘದವರು ಅನುಮಾನಪಟ್ಟಿದ್ದರು. ನೋಡಿದರೆ ಹಾಸಿದ ಜಮಖಾನೆ ಸಾಲದಾಗಿದೆ.

ನಮ್ಮ ಮುಧೋಳದ ರನ್ನನಿಂದಲೇ ಶುರು ಮಾಡುತ್ತೇನೆ. ಬಳೆಗಾರರ ಮನೆಯ ಮಗ, ಹತ್ತನೆಯ ಶತಮಾನದವನು. ಅವನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಾನೆ. ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ಅಪ್ಪನಿಗೆ ಮಗ ನೀರು ಬಿಡುವುದು ಲೋಕದ ರೀತಿ, ಅದನ್ನು ತಿರುವುಮುರುವು ಮಾಡಿದೆಯಲ್ಲೋ ಎಂದು ಆ ಹೆಣವನ್ನೇ ಕೇಳುತ್ತಾನೆ. ಮುಂದೆ ದುಶ್ಶಾಸನ. ತಾಯಿಯ ಹಾಲು ಕುಡಿಯುವಾಗ ನಾನು ಮೊದಲು, ನೀನು ಆಮೇಲೆ. ಸಾಯುವಾಗ ಮಾತ್ರ ಸರದಿ ತಪ್ಪಿಸಿದೆ ಎಂಬ ತಕರಾರು. ಇದು ಬರೀ ಅಳುವಲ್ಲ, ಜಗಳ. ನಮ್ಮ ಹೆಣ್ಣುಮಕ್ಕಳು ಹಾಡ್ಯಾಡಿ ಅಳುವುದನ್ನು ಕೇಳಿದ್ದೀರಲ್ಲ? 'ನನ್ನ ನಡುನೀರಾಗ ಬಿಟ್ಟು ಹೆಂಗ ಹೋದಿ' ಎಂದು ಅಲ್ಲಿಯೂ ಸತ್ತವನ ಮೇಲೆ ಸಿಟ್ಟೇ ಇರುತ್ತದೆ. ಪ್ರೀತಿಸಿದವರ ಮೇಲೆ ಸಿಟ್ಟು ಬಂತಲ್ಲ ಎಂದು ಆಮೇಲೆ ಒಳಗೊಳಗೇ ಕೊರಗುವವರು ನನಗೆ ಬಹಳ ಮಂದಿ ಗೊತ್ತು. ಕೊರಗಬೇಕಾಗಿಲ್ಲ. ಆ ಸಿಟ್ಟನ್ನು ವೈದ್ಯರೂ ಕಂಡಿದ್ದಾರೆ.

1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ಒಂದು ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಉಳಿದವರನ್ನೂ ಸತ್ತವರ ಮನೆಯವರನ್ನೂ ಮಾತಾಡಿಸಿದ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲಿ ದುಃಖದ ಲಕ್ಷಣಗಳನ್ನು ಬರೆದಿಟ್ಟರು. ಗಂಟಲು ಬಿಗಿಯುವುದು, ನಿಟ್ಟುಸಿರು, ಹೊಟ್ಟೆ ಖಾಲಿ ಖಾಲಿ ಅನಿಸುವುದು, ಕೈಕಾಲಲ್ಲಿ ಬಲವಿಲ್ಲದಿರುವುದು, ತಪ್ಪೆಲ್ಲ ತನ್ನದೇ ಅನಿಸುವುದು, ಕಂಡವರ ಮೇಲೆ ಸಿಡುಕು. ನಮ್ಮ ಅವ್ವಂದಿರು 'ಹೊಟ್ಟ್ಯಾಗ ಸಂಕಟ' ಎಂದಾಗ ಅದು ಬರೀ ಮಾತಿನ ಅಲಂಕಾರವಲ್ಲ. ಸಂಕಟ ಹೊಟ್ಟೆಯಲ್ಲೇ ಇರುತ್ತದೆ.

ದುಃಖಕ್ಕೆ ಐದು ಮೆಟ್ಟಿಲು ಎಂಬ ಮಾತು ಈಗ ವಾಟ್ಸಾಪಿನಲ್ಲೂ ಓಡಾಡುತ್ತಿದೆ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರಿಗೆ ಅದನ್ನು ಅಂಟಿಸಿದ್ದು ಆಮೇಲೆ. ಈಗ ಕೊನೆಯ ಮೆಟ್ಟಿಲು ಏರಿದ್ದಾರೋ ಇಲ್ಲವೋ ಎಂದು, 'ಸಾವನ್ನು ಇನ್ನೂ ಒಪ್ಪಿಕೊಂಡಿಲ್ಲೇನು?' ಎಂದು ಎಸ್ಸೆಸ್ಸೆಲ್ಸಿ ರಿಸಲ್ಟ್ ಕೇಳಿದಂತೆ ಕೇಳುತ್ತಾರೆ! ನನಗೆ ಹೆಚ್ಚು ಒಪ್ಪಿಗೆಯಾಗುವುದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದು. ಬನಹಟ್ಟಿಯ ಮಗ್ಗದ ಲಾಳಿ ನೋಡಿದವರಿಗೆ ಅದು ತಕ್ಷಣ ತಿಳಿಯುತ್ತದೆ. ಮನಸ್ಸು ಈ ಕಡೆ ಬಂದಾಗ ಹೋದವರ ನೆನಪು, ಆ ಕಡೆ ಹೋದಾಗ ರೇಷನ್ ಕಾರ್ಡು, ವಿಧವಾ ವೇತನದ ಅರ್ಜಿ, ಮಕ್ಕಳ ಫೀ. ಲಾಳಿ ಒಂದೇ ಕಡೆ ನಿಂತರೆ ನೇಯ್ಗೆ ನಿಲ್ಲುತ್ತದೆ.

ಹಾಗಾಗಿ ಗಂಡ ತೀರಿದ ನಾಲ್ಕನೇ ತಿಂಗಳು ಒಬ್ಬಾಕೆ ಮದುವೆ ಮನೆಯಲ್ಲಿ ನಕ್ಕರೆ 'ಇಷ್ಟು ಲಗೂ ಮರತ್ಲು ನೋಡು' ಎನ್ನಬೇಡಿ. ಆಕೆ ರಾತ್ರಿ ಮನೆಗೆ ಹೋಗಿ ಎರಡು ತಟ್ಟೆ ತೆಗೆದು, ಒಂದನ್ನು ತಿರುಗಿ ನಾಗೊಂದಿಗೆಯ ಮೇಲೆ ಇಟ್ಟದ್ದನ್ನು ನೀವು ನೋಡಿಲ್ಲ.

ಮರೆಯಲೇಬೇಕು ಎಂಬ ಹಟ ಯಾಕೆ? ನನ್ನ ಪರಿಚಯದ ಒಬ್ಬ ಅಜ್ಜ ಇದ್ದರು. ಹೆಂಡತಿಯನ್ನು ಹೊಲದಲ್ಲೇ ಮಣ್ಣು ಮಾಡಿದ್ದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಹೊಲವೂ ಹೋಯಿತು, ಗೋರಿಯೂ ಹೋಯಿತು. ಹೊಲಕ್ಕೆ ಪರಿಹಾರ ಬಂತು. ಗೋರಿಗೆ ಯಾವ ಲೆಕ್ಕ? ಅಮವಾಸ್ಯೆಗೆ ಕಾಯಿ ಒಡೆಯಲು ಜಾಗವಿಲ್ಲದಂತಾಯಿತು. ಆಮೇಲಿನಿಂದ ಅವರು ಬಸ್ಸು ಘಟಪ್ರಭೆಯ ಸೇತುವೆ ಏರಿದ ಕೂಡಲೇ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ನೀರಿನ ಕಡೆ ನೋಡುತ್ತ ತುಟಿ ಅಲುಗಿಸುತ್ತಿದ್ದರು. ಸೇತುವೆ ದಾಟಿದರೆ ಮತ್ತೆ ಟೊಪ್ಪಿಗೆ ತಲೆಗೆ, ಮತ್ತೆ ಕಬ್ಬಿನ ರೇಟಿನ ಮಾತು. ಅದನ್ನು ಹುಚ್ಚು ಎಂದವರಿದ್ದರು. ಸತ್ತವರೊಡನೆ ಸಂಬಂಧ ಹರಿಯುವುದಿಲ್ಲ, ಬೇರೆ ರೂಪದಲ್ಲಿ ಮುಂದುವರಿಯುತ್ತದೆ ಎಂದು ಈಗ ಮನಶ್ಶಾಸ್ತ್ರವೇ ಒಪ್ಪಿದೆ.

ಹಾಗಂತ ಎಲ್ಲ ದುಃಖವೂ ತಾನಾಗಿ ಹದಕ್ಕೆ ಬರುತ್ತದೆ ಎನ್ನಲಾರೆ. ಆರು ತಿಂಗಳು ಕಳೆದರೂ ದಿನದಿನವೂ ಅದೇ ತೀವ್ರತೆ, ಹೊಲಮನೆ ಕೆಲಸ ಸಾಗದಿರುವುದು, ತಾನೂ ಹೋಗಬೇಕೆಂಬ ಮಾತು ಕಂಡರೆ ಅದಕ್ಕೆ ಚಿಕಿತ್ಸೆ ಇದೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘ ಶೋಕಕ್ಕೆ ಬೇರೆಯದೇ ಹೆಸರಿದೆ. ಸಾಯುವ ಮಾತು ಕಿವಿಗೆ ಬಿದ್ದರಂತೂ ಆರು ತಿಂಗಳು ಕಾಯಬೇಡಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ದೂರವಾದರೆ ಟೆಲಿ-ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಕಡೆ ಮೊದಲ ದಿನಗಳಿಗೆ ಕೊರತೆ ಇಲ್ಲ. ಒಲೆ ಹಚ್ಚದ ಮನೆಗೆ ಬುತ್ತಿ ಬರುತ್ತದೆ, ಬೀಗರು ಮಾತಾಡಿಸಿ ಹೋಗುತ್ತಾರೆ, ರಾತ್ರಿ ಭಜನೆ. ದಿನಕರ್ಮ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಮಾತ್ರ ಆ ಬಾಗಿಲ ಕಡೆ ಯಾರೂ ಸುಳಿಯುವುದಿಲ್ಲ. ನಿಮ್ಮ ಓಣಿಯಲ್ಲಿ ಹೋದ ಶ್ರಾವಣದಿಂದೀಚೆ ಯಾರ ಮನೆಯಲ್ಲಿ ಸಾವಾಗಿದೆ ಎಂದು ನೆನಪು ಮಾಡಿಕೊಳ್ಳಿ. ಈ ವಾರ ಅಲ್ಲಿಗೆ ಹೋಗಿ. ಸಮಾಧಾನ ಹೇಳುವುದು ಬೇಡ. ಹೋದವರ ಹೆಸರು ಹಿಡಿದು ಒಂದು ಮಾತಾಡಿ, ಚಹಾ ಕೊಟ್ಟರೆ ಕುಡಿದು ಬನ್ನಿ.