ವಾರ್ಡಿನಲ್ಲಿ ಬರೆಯುವ ಮನಸ್ಸಿನ ಮಾತ್ರೆ



ನಾನು ಮನೋವೈದ್ಯೆ. ಆದರೂ ಮುಂಬಯಿಯ ಆಸ್ಪತ್ರೆಯಲ್ಲಿ ನನ್ನ ಅರ್ಧ ದಿನ ಕಳೆಯುವುದು ಮೂಳೆ, ಹೃದಯ, ಹೆರಿಗೆ ವಾರ್ಡುಗಳಲ್ಲಿ.

ಒಂದು ರಾತ್ರಿ ಫೋನ್ ಬಂತು. ಸೊಂಟದ ಮೂಳೆಯ ಆಪರೇಷನ್ ಆದ ಅಜ್ಜಿಯೊಬ್ಬರು ಸಲೈನ್ ಕಿತ್ತುಹಾಕಿ ಏನೇನೋ ಬಡಬಡಿಸುತ್ತಿದ್ದಾರಂತೆ. ಫೋನಿನಲ್ಲೇ ಹಾಲೊಪೆರಿಡಾಲ್ ಅರ್ಧ ಮಿಲಿಗ್ರಾಂ ಹೇಳಿದೆ. ಬೆಳಿಗ್ಗೆ ಹೋಗಿ ನೋಡಿದರೆ, ಆ ಬಡಬಡಿಕೆಯಲ್ಲಿ ಕನ್ನಡವಿತ್ತು! "ಒಂದಕ್ಕ ಹೋಗಬೇಕವಾ, ಬರವಲ್ದು." ಮೂತ್ರ ಕಟ್ಟಿತ್ತು. ನಳಿಗೆ ಹಾಕಿದೆವು, ಮರುದಿನ ಮಗಳ ಗುರುತು ಹತ್ತಿತು. ನೋಡದೆ ಮಾತ್ರೆ ಹೇಳಿದ ತಪ್ಪು ನನ್ನದು.

ಇದಕ್ಕೆ ಡೆಲಿರಿಯಂ ಎನ್ನುತ್ತೇವೆ. ಇದು ಹುಚ್ಚಲ್ಲ. ಸೋಂಕು, ನೋವು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೀಗೆ ಕಾರಣ ಹುಡುಕುವುದೇ ಮೊದಲ ಚಿಕಿತ್ಸೆ. ಮಾತ್ರೆ ಬೇಕೆನಿಸಿದರೆ ಆಮೇಲೆ, ಕಡಿಮೆ ಡೋಸಿನಲ್ಲಿ, ಕೆಲವೇ ದಿನ.

ನಿಮ್ಮಲ್ಲಿ ವಿನಂತಿ. ಅಡ್ಮಿಟ್ ಮಾಡುವಾಗ ನಿದ್ದೆ ಮಾತ್ರೆ, ಮನಸ್ಸಿನ ಮಾತ್ರೆ, ಕುಡಿತ ಯಾವುದನ್ನೂ ನಾಚಿಕೆಯಿಂದ ಮುಚ್ಚಿಡಬೇಡಿ. ನಿದ್ದೆ ಮಾತ್ರೆಯಾಗಲಿ ಕುಡಿತವಾಗಲಿ ದಿಢೀರನೆ ನಿಂತರೂ ಹೀಗಾಗಬಹುದು. ಕನ್ನಡಕ, ಕಿವಿಯ ಮಿಷನ್ ಜೊತೆಗೆ ತನ್ನಿ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಮಾತಾಡಿಸಿ. ಡಿಸ್ಚಾರ್ಜ್ ಚೀಟಿಯಲ್ಲಿ ಮನಸ್ಸಿನ ಮಾತ್ರೆಯಿದ್ದರೆ, "ಎಷ್ಟು ದಿನ?" ಎಂದು ಕೇಳಿ.

ಈಗ ರಾತ್ರಿ ಫೋನ್ ಬಂದರೆ ನಾನೂ ಮೊದಲು ಕೇಳುತ್ತೇನೆ: "ಅವರ ಮನೆಮಾತು ಯಾವುದು?"